ಸಿಎನ್‌ಸಿ ಮಷಿನ್ ಕೊಳ್ಳುವ ಮುಂಚೆ ಲೆಕ್ಕ ಹಾಕುವುದು ಹೇಗೆ?

ಪೀಣ್ಯದಂಥ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವವರು ಹೊಸ ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕತ್ತರಿಸಿ ಬಿಡಿಭಾಗ ಮಾಡುವ ಯಂತ್ರ) ನೋಡಿದಾಗ ಮೊದಲು ಕೇಳುವುದು 'ಕಂತು ಎಷ್ಟು?' ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು, 'ವರ್ಷಕ್ಕೆ ಎಷ್ಟು ಗಂಟೆ ಓಡಿಸಲು ನನ್ನ ಹತ್ತಿರ ಕೆಲಸ ಇದೆ?' ಒಂದು ಮಾದರಿ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ತೆರಿಗೆ ಸೇರಿಸಿಲ್ಲ.

ಮೊದಲು ಪೂರ್ತಿ ಖರ್ಚು ಬರೆಯಿರಿ. ಕೊಟೇಶನ್‌ನಲ್ಲಿ 25 ಲಕ್ಷ ಇರುತ್ತದೆ. ಸ್ಟೆಬಿಲೈಸರ್, ಟೂಲಿಂಗ್, ವೈರಿಂಗ್, ಸಾಗಾಟ ಸೇರಿದರೆ 28 ಲಕ್ಷ. ಜಿಎಸ್‌ಟಿ ಆಮೇಲೆ ಹೊಂದಾಣಿಕೆ ಆಗುತ್ತದೆ ನಿಜ, ಅಲ್ಲಿವರೆಗೆ ಆ ದುಡ್ಡನ್ನೂ ನೀವೇ ಹೊಂದಿಸಬೇಕು.

ಆಮೇಲೆ ಗಂಟೆಗಳು. ದಿನಕ್ಕೆ ಎಂಟು ಗಂಟೆಯ ಎರಡು ಶಿಫ್ಟ್, ತಿಂಗಳಿಗೆ 25 ದಿನ ಅಂದರೆ ವರ್ಷಕ್ಕೆ 4,800 ಗಂಟೆ. ಸೆಟ್ಟಿಂಗ್, ರಿಪೇರಿ, ಕೆಲಸವಿಲ್ಲದ ದಿನ ಕಳೆದು 70% ಹಿಡಿಯಿರಿ: 3,360 ಗಂಟೆ. ಜಾಬ್ ವರ್ಕ್ (ಗಿರಾಕಿಗೆ ಬೇಕಾದ ಭಾಗ ಮಾಡಿಕೊಡುವ ಕೆಲಸ) ದರ ಗಂಟೆಗೆ 500 ರೂಪಾಯಿ. ಕರೆಂಟ್, ಟೂಲ್‌ಗೆ 100 ಹೋದರೆ 400 ಉಳಿಯುತ್ತದೆ. ಒಟ್ಟು 13.44 ಲಕ್ಷ. ಸಂಬಳ, ಬಾಡಿಗೆ 6 ಲಕ್ಷ ಕಳೆಯಿರಿ. ವರ್ಷಕ್ಕೆ ಕೈಯಲ್ಲಿ 7.44 ಲಕ್ಷ.

ಹಾಕಿದ ದುಡ್ಡು ನಾಲ್ಕು ವರ್ಷದೊಳಗೆ ವಾಪಸ್! ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ.

ಮುಂದಿನ ದುಡ್ಡನ್ನು ಇವತ್ತಿನ ಬೆಲೆಗೆ ತನ್ನಿ. 12% ಬಡ್ಡಿ ಹಿಡಿದರೆ, ಮುಂದಿನ ವರ್ಷ ಬರುವ 112 ರೂಪಾಯಿ ಇವತ್ತಿನ 100ಕ್ಕೆ ಸಮ. ಹೀಗೆ ಐದು ವರ್ಷದ ಆದಾಯ ಇವತ್ತಿನ ಲೆಕ್ಕದಲ್ಲಿ 26.8 ಲಕ್ಷ. ಐದನೇ ವರ್ಷದ ಕೊನೆಗೆ ಮಷಿನ್ 6 ಲಕ್ಷಕ್ಕೆ ಮಾರಿದರೆ ಅದರ ಇವತ್ತಿನ ಬೆಲೆ 3.4 ಲಕ್ಷ. ಒಟ್ಟು 30.2 ಲಕ್ಷ, ಹಾಕಿದ್ದು 28. ಉಳಿಯುವುದು 2.2 ಲಕ್ಷ ಅಷ್ಟೇ. ಇದನ್ನೇ ಎನ್‌ಪಿವಿ (ನೆಟ್ ಪ್ರೆಸೆಂಟ್ ವ್ಯಾಲ್ಯೂ) ಅನ್ನುತ್ತಾರೆ. ಎಕ್ಸೆಲ್‌ನಲ್ಲಿ ಇದಕ್ಕೆ ಸೂತ್ರವೇ ಇದೆ.

ಈಗ ರಿಸ್ಕ್. ಎನ್‌ಪಿವಿ ಸೊನ್ನೆ ಆಗುವುದು ಎಷ್ಟು ಗಂಟೆಗೆ ಅಂತ ಹುಡುಕಿ. ಇಲ್ಲಿ ಅದು ಸುಮಾರು 3,205 ಗಂಟೆ. ನಮ್ಮ ಅಂದಾಜಿಗೂ ಅದಕ್ಕೂ ಇರುವ ಅಂತರ ತಿಂಗಳಿಗೆ ಬರೀ 13 ಗಂಟೆ, ಅಂದರೆ ಒಂದು ದಿನದ ಕೆಲಸವೂ ಅಲ್ಲ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ನೀವು ದಿಟ್ಟಿಸಿ ನೋಡಬೇಕಾದ ಅಂಕಿ ಇದೇ.

ತಡವಾಗುವುದನ್ನೂ ಸೇರಿಸಿ. ಮೊದಲ ವರ್ಷ ಮೂರು ತಿಂಗಳು ಮಷಿನ್ ಸುಮ್ನೆ ನಿಂತು ಸಂಬಳ, ಬಾಡಿಗೆ ಮಾತ್ರ ನಡೆದರೆ ಇವತ್ತಿನ ಬೆಲೆಯಲ್ಲಿ 3 ಲಕ್ಷ ಹೋಗುತ್ತದೆ. ಆ 2.2 ಲಕ್ಷ ಅಲ್ಲಿಗೇ ಮುಗಿಯಿತು. ಅಂದಾಜು ಹಿಗ್ಗುವುದು ದೊಡ್ಡವರಿಗೂ ತಪ್ಪಿದ್ದಲ್ಲ: ನಮ್ಮ ಮೆಟ್ರೋ ಮೊದಲ ಹಂತದ ಅಂದಾಜು 2006ರಲ್ಲಿ 6,395 ಕೋಟಿ ಇತ್ತು, 2017ರಲ್ಲಿ ಮುಗಿಯುವ ಹೊತ್ತಿಗೆ ಅದರ ಎರಡು ಪಟ್ಟು ದಾಟಿತ್ತು.

ಬ್ಯಾಂಕಿನ ಕಣ್ಣಲ್ಲೂ ನೋಡಿ. 20 ಲಕ್ಷ ಸಾಲ, 11% ಬಡ್ಡಿ, ಐದು ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 43,500. ವರ್ಷಕ್ಕೆ 5.22 ಲಕ್ಷ. ಗಳಿಕೆ ಇದರ 1.4 ಪಟ್ಟು ಇದೆ, ಪರವಾಗಿಲ್ಲ. ಆದರೆ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳಿದರೂ ಬಿಲ್ ತಡವಾಗುವುದುಂಟು. ಕಂತು ಕಾಯುವುದಿಲ್ಲ ಅಲ್ವಾ? ಮೂರು ಕಂತಿನ ದುಡ್ಡು ಪಕ್ಕಕ್ಕಿಡಿ.

ಅಂತರ ಇಷ್ಟು ಕಮ್ಮಿ ಇದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಗಿರಾಕಿಯ ಹತ್ತಿರ ದರ ಮಾತಾಡಿ. ಗಂಟೆಗೆ 25 ರೂಪಾಯಿ ಜಾಸ್ತಿ ಒಪ್ಪಿದರೆ, ಬೇಕಾದ 3,205 ಗಂಟೆ ಸುಮಾರು 3,017ಕ್ಕೆ ಇಳಿಯುತ್ತದೆ. ಒಪ್ಪಿದ ದರ, ತಿಂಗಳಿಗೆ ಕೊಡುವ ಕನಿಷ್ಠ ಕೆಲಸ, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.