ವಿಂಡೋಸ್‌ನಲ್ಲಿ ಮಾತ್ರ ಫೈಲ್ ಸಿಗದಿದ್ದಾಗ: ಮೂರನೇ ಸ್ಲ್ಯಾಷ್‌ನ ಕಥೆ

ಲಿನಕ್ಸ್‌ನಲ್ಲಿ ಸರಿಯಾಗಿ ತೆರೆಯುತ್ತಿದ್ದ ಫೈಲ್ ಯುಆರ್‌ಎಲ್ (file:/// ಎಂದು ಶುರುವಾಗುವ ಫೈಲ್ ವಿಳಾಸ), ವಿಂಡೋಸ್‌ನಲ್ಲಿ ‘ಫೈಲ್ ಇಲ್ಲ’ ಎನ್ನುತ್ತಿತ್ತು. ಯುಆರ್‌ಎಲ್‌ನ ಪಾಥ್ ಭಾಗವನ್ನೇ ನೇರವಾಗಿ ಡಿಸ್ಕ್ ಪಾಥ್ ಎಂದು ಬಳಸಿದ್ದೇ ತಪ್ಪು. ಮೊದಲೆರಡು ಸ್ಲ್ಯಾಷ್‌ಗಳ ನಂತರದ್ದು ಹೋಸ್ಟ್ ಹೆಸರಿನ ಜಾಗ, ಅದು ಸಾಮಾನ್ಯವಾಗಿ ಖಾಲಿ. ಮೂರನೆಯದರಿಂದ ಪಾಥ್ ಶುರು. ಲಿನಕ್ಸ್‌ಗೆ ಅದೇ ರೂಟ್ (ಎಲ್ಲ ಫೋಲ್ಡರ್‌ಗಳ ಬುಡ), ಇರಲೇಬೇಕು. ವಿಂಡೋಸ್‌ನಲ್ಲಿ ಅದು ಡ್ರೈವ್ ಅಕ್ಷರದ ಮುಂದೆ (/C:/ ಎಂಬಂತೆ) ಉಳಿದರೆ ಪಾಥ್ ಕೆಡುತ್ತದೆ.

ಕೈಯಾರೆ ಸ್ಲ್ಯಾಷ್ ಕತ್ತರಿಸುವುದನ್ನು ಬಿಟ್ಟು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ (Node.js) ಫೈಲ್‌ಯುಆರ್‌ಎಲ್‌ಟುಪಾಥ್ (fileURLToPath) ಫಂಕ್ಷನ್ ಬಳಸಿದೆ. ವಿಂಡೋಸ್‌ನಲ್ಲಿ ಅದು ಸ್ಲ್ಯಾಷ್ ತೆಗೆಯುತ್ತದೆ, ಹೋಸ್ಟ್ ಇದ್ದರೆ ನೆಟ್‌ವರ್ಕ್ ಶೇರ್ ಪಾಥ್ ಕಟ್ಟುತ್ತದೆ, %20 ಇದ್ದಲ್ಲಿ ಖಾಲಿ ಜಾಗ ಇಡುತ್ತದೆ. ಇದಾದ ಮೇಲೆ ಮತ್ತೆ ಡಿಕೋಡ್ (%20 ತರಹದ ಸಂಕೇತಗಳನ್ನು ಮೂಲ ಅಕ್ಷರಕ್ಕೆ ತರುವುದು) ಮಾಡಲೇಬೇಡಿ. ಹೆಸರಲ್ಲೇ % ಇರುವ ಫೈಲ್ ಕೈತಪ್ಪುತ್ತದೆ. ಪಾಥ್‌ನಿಂದ ಯುಆರ್‌ಎಲ್‌ಗೆ ಮರಳಲು ಪಾಥ್‌ಟುಫೈಲ್‌ಯುಆರ್‌ಎಲ್ (pathToFileURL) ಇದೆ. ಅದು # ಚಿಹ್ನೆಯನ್ನು %23 ಮಾಡುತ್ತದೆ. ಇಲ್ಲವಾದರೆ ಹೆಸರಿನ ಉಳಿದ ಭಾಗ ಫ್ರಾಗ್ಮೆಂಟ್ (ಯುಆರ್‌ಎಲ್‌ನಲ್ಲಿ # ನಂತರದ, ಪಾಥ್‌ಗೆ ಸೇರದ ತುಣುಕು) ಆಗಿ ಕಳಚಿಹೋಗುತ್ತದೆ.