ಹರ್ಗ್ ಚಾನೆಲ್ ಕೆಟ್ಟಿದೆಯೋ ಇಲ್ಲವೋ: ನಾವು ನೋಡುವ ಬಗೆ

ಜೀನ್ ಪರೀಕ್ಷೆಯ ವರದಿಗಳಲ್ಲಿ ‘ವಿಯುಎಸ್’ ಅನ್ನುವ ಮೂರಕ್ಷರ ಪದೇ ಪದೇ ಕಾಣುತ್ತದೆ. ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿದೆ, ಅದರಿಂದ ಕಾಯಿಲೆ ಬರುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ ಅಂತ ಅರ್ಥ. ಅಷ್ಟು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದ ಮನೆಯವರಿಗೆ ಇದಕ್ಕಿಂತ ಕಿರಿಕಿರಿಯ ಉತ್ತರ ಇನ್ನೊಂದಿಲ್ಲ. ನಮ್ಮ ದೇಶದವರ ವರದಿಗಳಲ್ಲಿ ಇದರ ಕಾಟ ಇನ್ನೂ ಜಾಸ್ತಿ. ಹೋಲಿಸಿ ನೋಡುವ ಡೇಟಾಬೇಸ್‌ಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು ಅಲ್ವಾ. ಆ ಮೂರಕ್ಷರವನ್ನು ತೆಗೆದು ಹೌದು ಅಥವಾ ಅಲ್ಲ ಅನ್ನುವುದಕ್ಕೆ ಬೇಕಾದ ಅಳತೆ ಮಾಡುವುದು ನನ್ನ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ. ಕಾಲೇಜು ಓದುವ ಹುಡುಗಿ. ನಿದ್ದೆಯಲ್ಲಿದ್ದಾಗ ಫೋನ್ ರಿಂಗಾದರೆ ಎದ್ದು ಕೂರುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಿತ್ತು, ಕೈಕಾಲು ಅದುರುತ್ತಿತ್ತು. ಫಿಟ್ಸ್ ಅಂತಲೇ ಮಾತ್ರೆ ನಡೆದಿತ್ತು. ಆಮೇಲೆ ಯಾರೋ ಒಂದು ಇಸಿಜಿ ತೆಗೆಸಿದರು. ಕ್ಯೂಟಿ ಅವಧಿ, ಅಂದರೆ ಪ್ರತಿ ಬಡಿತಕ್ಕೆ ಹೃದಯದಲ್ಲಿ ಏಳುವ ವಿದ್ಯುತ್ ಮತ್ತೆ ಮೊದಲ ಸ್ಥಿತಿಗೆ ಮರಳಲು ಹಿಡಿಯುವ ಹೊತ್ತು, ಉದ್ದವಾಗಿತ್ತು. ಜೀನ್ ಪರೀಕ್ಷೆಯಲ್ಲಿ ಕೆಸಿಎನ್‌ಎಚ್2 ಅನ್ನುವ ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿತು, ಪಕ್ಕದಲ್ಲಿ ಅದೇ ವಿಯುಎಸ್.

ಈ ಜೀನ್‌ನಿಂದ ಆಗುವುದು ಹರ್ಗ್ ಅನ್ನುವ ಪೊಟ್ಯಾಸಿಯಂ ಚಾನೆಲ್, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ದಾರಿ. ಹೃದಯದ ಕೋಶ ಪ್ರತಿ ಬಡಿತದ ನಂತರ ಮೊದಲ ಸ್ಥಿತಿಗೆ ಮರಳಬೇಕಾದರೆ ಪೊಟ್ಯಾಸಿಯಂ ಹೊರಗೆ ಹೋಗಬೇಕು. ಹೋಗುವುದು ನಿಧಾನವಾದರೆ ಕ್ಯೂಟಿ ಉದ್ದವಾಗುತ್ತದೆ. ಅಂಥ ಹೃದಯ ಒಮ್ಮೊಮ್ಮೆ ಲಯ ತಪ್ಪಿ ಸುಮ್ನೆ ನಡುಗುತ್ತದೆ, ಮೆದುಳಿಗೆ ರಕ್ತ ಹೋಗುವುದಿಲ್ಲ. ನೋಡುವವರ ಕಣ್ಣಿಗೆ ಅದು ಫಿಟ್ಸ್. ಕ್ಯೂಟಿ ಉದ್ದವಾಗುವ ಈ ಕಾಯಿಲೆಗೆ ಲಾಂಗ್ ಕ್ಯೂಟಿ ಅನ್ನುತ್ತಾರೆ. ಇದರಲ್ಲಿ ಯಾವ ಜೀನ್ ಕೆಟ್ಟಿದೆ ಅನ್ನುವುದರ ಮೇಲೆ ಅಪಾಯದ ಹೊತ್ತೂ ಬೇರೆ. ಕೆಸಿಎನ್‌ಕ್ಯೂ1 ಆದರೆ ಓಡುವಾಗ, ಅದಕ್ಕಿಂತ ಹೆಚ್ಚಾಗಿ ಈಜುವಾಗ. ಎಸ್‌ಸಿಎನ್5ಎ ಆದರೆ ನಿದ್ದೆಯಲ್ಲಿ. ಹರ್ಗ್ ಆದರೆ ಅಲಾರಂ, ಫೋನ್, ಇದ್ದಕ್ಕಿದ್ದಂತೆ ಆಗುವ ಸದ್ದು. ಹುಡುಗಿಯ ಕತೆ ಕೇಳಿದರೆ ಹರ್ಗ್ ಇರಬಹುದು ಅಂತ ಅನುಮಾನ ಬರುತ್ತದೆ. ಆದರೆ ಅನುಮಾನವನ್ನು ವರದಿಯಲ್ಲಿ ಬರೆಯಲು ಆಗುವುದಿಲ್ಲ.

ಅದೇ ಬದಲಾವಣೆಯನ್ನು ಲ್ಯಾಬ್‌ನಲ್ಲಿ ಒಂದು ಸಣ್ಣ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್‌ನಲ್ಲಿ ಮಾಡಿ, ಎಚ್‌ಇಕೆ ಕೋಶಗಳ (ಲ್ಯಾಬ್‌ನಲ್ಲಿ ಬೆಳೆಸುವ, ಮನುಷ್ಯರ ಮೂತ್ರಪಿಂಡ ಮೂಲದ ಕೋಶಗಳು) ಒಳಗೆ ಹಾಕುತ್ತೇವೆ. ಜೊತೆಗೆ ಹಸಿರು ಹೊಳೆಯುವ ಪ್ರೋಟೀನ್‌ನ ಜೀನ್ ಕೂಡ. ಯಾವ ಕೋಶ ಹಸಿರಾಗಿ ಹೊಳೆಯುತ್ತದೋ ಅದರಲ್ಲಿ ನಮ್ಮ ಚಾನೆಲ್ ಇದೆ. ತಟ್ಟೆಗಳ ಮೇಲೆ ಸಹೋದ್ಯೋಗಿ ಬರೀ ಸಂಕೇತ ಬರೆದು ಕೊಡುತ್ತಾರೆ. ಯಾವುದು ಸರಿಯಾದ ಜೀನ್, ಯಾವುದು ಬದಲಾದದ್ದು ಅಂತ ಅಳೆದು ಮುಗಿಸುವ ತನಕ ನನಗೆ ಗೊತ್ತಿರಬಾರದು.

ಆಮೇಲೆ ಪ್ಯಾಚ್ ಕ್ಲಾಂಪ್, ಅಂದರೆ ಚಾನೆಲ್‌ಗಳಲ್ಲಿ ಹರಿಯುವ ಕರೆಂಟ್ ಅಳೆಯುವುದು. ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಕಂಡುಹಿಡಿದ ವಿಧಾನ ಇದು, 1991ರಲ್ಲಿ ಇದಕ್ಕೆ ನೊಬೆಲ್ ಬಂತು. ಗಾಜಿನ ಸಣ್ಣ ಕೊಳವೆಯನ್ನು ಕಾಯಿಸಿ ಎಳೆದರೆ ತುದಿ ಒಂದೆರಡು ಮೈಕ್ರಾನ್ ಆಗುತ್ತದೆ. ಅದರಲ್ಲಿ ಉಪ್ಪಿನ ದ್ರಾವಣ ತುಂಬಿ, ಗುಳ್ಳೆ ಹೋಗಲು ಬೆರಳಲ್ಲಿ ಚಿಮ್ಮಿ, ಸೂಕ್ಷ್ಮದರ್ಶಕದ ಕೆಳಗೆ ಕೋಶಕ್ಕೆ ತಾಗಿಸಿ, ಬಾಯಿಂದ ಒಂಚೂರು ಹೀರುತ್ತೇನೆ. ಎಳನೀರಿನ ಸ್ಟ್ರಾ ಬಾಯಿಗೆ ಗಂಜಿ ಅಂಟಿಕೊಂಡರೆ ಎಷ್ಟು ಹೀರಿದರೂ ಹನಿ ಬರುವುದಿಲ್ಲವಲ್ಲ, ಕೋಶದ ಪೊರೆ ಹಾಗೆ ಗಾಜಿಗೆ ಅಂಟಬೇಕು. ಪರದೆಯ ಮೇಲೆ ರೋಧ ಒಂದು ಗಿಗಾಓಮ್ ದಾಟಿದರೆ ಸೀಲ್ ಆಯಿತು. ಇನ್ನೊಂದು ಸಣ್ಣ ಹೀರುವಿಕೆಗೆ ಪೊರೆ ಹರಿದು, ಕೋಶದ ಒಳಗಿಗೆ ದಾರಿ ಸಿಗುತ್ತದೆ. ಅಷ್ಟರಲ್ಲಿ ಕಟ್ಟಡದ ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್ ಅನ್ನುವ ಗದ್ದಲ ಪರದೆ ತುಂಬಿಕೊಂಡರೆ ಆ ದಿನದ ಅರ್ಧ ಹೊತ್ತು ಅರ್ಥಿಂಗ್ ಹುಡುಕುವುದರಲ್ಲೇ ಹೋಗುತ್ತದೆ.

ಹರ್ಗ್‌ನ ಕರೆಂಟ್ ನೋಡಲು ಒಂದು ಚೆಂದ. ಕೋಶವನ್ನು ಮೈನಸ್ 80 ಮಿಲಿವೋಲ್ಟ್‌ನಲ್ಲಿ ಇಟ್ಟು, ಪ್ಲಸ್ 20ಕ್ಕೆ ಏರಿಸುತ್ತೇನೆ. ಚಾನೆಲ್ ತೆರೆಯುತ್ತದೆ, ತೆರೆದ ಕೂಡಲೇ ಇನ್ನೊಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಆಗ ಕರೆಂಟ್ ಕಮ್ಮಿ. ವೋಲ್ಟೇಜನ್ನು ಮೈನಸ್ 50ಕ್ಕೆ ಇಳಿಸಿದಾಗ ಆ ಎರಡನೇ ಬಾಗಿಲು ಮೊದಲು ತೆರೆದುಕೊಂಡು, ಕರೆಂಟ್ ಎದ್ದು ನಿಂತು ನಿಧಾನಕ್ಕೆ ಇಳಿಯುತ್ತದೆ. ಇದನ್ನು ಟೈಲ್ ಕರೆಂಟ್ ಅನ್ನುತ್ತೇವೆ. ಬಡಿತದ ಕೊನೆಯಲ್ಲಿ, ಬೇಕಾದ ಹೊತ್ತಿಗೇ, ಹೃದಯಕ್ಕೆ ಹರ್ಗ್ ಒದಗುವುದು ಇದರಿಂದಲೇ. ಕೆಲವು ಬದಲಾವಣೆಗಳಲ್ಲಿ ಟೈಲ್ ಬರುತ್ತದೆ, ಆದರೆ ಬೇಗ ಬಿದ್ದುಹೋಗುತ್ತದೆ. ಎಷ್ಟು ಎತ್ತರ ಅಂತ ಮಾತ್ರ ಅಳೆದರೆ ಇದು ಕಣ್ಣು ತಪ್ಪುತ್ತದೆ.

ಹುಡುಗಿಯ ಬದಲಾವಣೆ ಇದ್ದ ಕೋಶಗಳಲ್ಲಿ ಟೈಲ್ ಹೆಚ್ಚುಕಡಿಮೆ ಇರಲೇ ಇಲ್ಲ. ಇಲ್ಲಿಗೇ ನಿಲ್ಲಿಸಿ ‘ಕೆಲಸ ಮಾಡದ ಚಾನೆಲ್’ ಅಂತ ಬರೆದು ಕೈ ತೊಳೆದುಕೊಳ್ಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕರೆಂಟ್ ಇಲ್ಲ ಅಂದರೆ ಚಾನೆಲ್ ಕೆಟ್ಟಿರಬಹುದು, ಅಥವಾ ಚಾನೆಲ್ ಚೆನ್ನಾಗಿದ್ದು ಪೊರೆಯ ತನಕ ಬಂದೇ ಇರದಿರಬಹುದು. ಹರ್ಗ್‌ನಲ್ಲಿ ಕಾಯಿಲೆ ತರುವ ಒಂದಕ್ಷರದ ಬದಲಾವಣೆಗಳಲ್ಲಿ ಬಹುಪಾಲು ಎರಡನೇ ಜಾತಿಯವು. ಚಾನೆಲ್‌ನ ಪ್ರೋಟೀನ್ ತನ್ನ ಆಕಾರಕ್ಕೆ ಮಡಿಚಿಕೊಳ್ಳುವಾಗ ಸ್ವಲ್ಪ ವ್ಯತ್ಯಾಸವಾದರೂ ಕೋಶದ ತಪಾಸಣೆ ಅದನ್ನು ಒಳಗೇ ತಡೆದುಬಿಡುತ್ತದೆ.

ಇದನ್ನು ನೋಡಲು ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿದೆ. ಹರ್ಗ್ ಎರಡು ಪಟ್ಟಿಯಾಗಿ ಕಾಣುತ್ತದೆ. 135 ಕಿಲೋಡಾಲ್ಟನ್‌ನದು ಇನ್ನೂ ತಯಾರಾಗದ್ದು, 155ರದ್ದು ಸಕ್ಕರೆ ಸರಪಳಿ ಪೂರ್ತಿಯಾಗಿ ಪೊರೆಯತ್ತ ಹೊರಟದ್ದು. ಈ ಕೋಶಗಳಲ್ಲಿ 135 ಗಟ್ಟಿಯಾಗಿತ್ತು, 155 ಕಂಡೂ ಕಾಣದ ಹಾಗೆ. ಮತ್ತೆ ಕೋಶಗಳನ್ನು 37 ಡಿಗ್ರಿ ಬದಲು 27 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿದೆ. ತಂಪಿನಲ್ಲಿ ಪ್ರೋಟೀನ್‌ಗೆ ಮಡಿಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಬೆಳಗ್ಗೆ ಮೈನಸ್ 50ಕ್ಕೆ ಇಳಿಸಿದರೆ ಟೈಲ್ ಬಂತು, ಆಕಾರವೂ ಸರಿಯಾಗಿತ್ತು. ಅಂದರೆ ಚಾನೆಲ್ ಕೆಲಸಕ್ಕೆ ಬರುತ್ತದೆ, ದಾರಿಯಲ್ಲಿ ಸಿಕ್ಕಿಬಿದ್ದಿದೆ ಅಷ್ಟೇ.

ಈ ವ್ಯತ್ಯಾಸ ತಿಳಿಯುವುದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಹರ್ಗ್‌ಗೆ ಅಂಟಿಕೊಳ್ಳುವ ಇ-4031 ಅನ್ನುವ ರಾಸಾಯನಿಕ ಇಂಥ ಚಾನೆಲ್‌ಗಳನ್ನು ಪೊರೆಗೆ ತರುತ್ತದೆ. ಆದರೆ ತಂದ ಚಾನೆಲ್ಲನ್ನು ತಾನೇ ಮುಚ್ಚುತ್ತದೆ, ಹಾಗಾಗಿ ಔಷಧಿಯಾಗಿ ಉಪಯೋಗವಿಲ್ಲ. ಶ್ವಾಸಕೋಶ ಕೆಡಿಸುವ ಆನುವಂಶಿಕ ಕಾಯಿಲೆಯಾದ ಸಿಸ್ಟಿಕ್ ಫೈಬ್ರೋಸಿಸ್‌ಗೆ ಕೊಡುವ ಲುಮಾಕಾಫ್ಟರ್ ಬಳಸಿ ಇಟಲಿಯ ಪೀಟರ್ ಶ್ವಾರ್ಟ್ಸ್ ಅವರ ತಂಡ ಇಬ್ಬರು ರೋಗಿಗಳಲ್ಲಿ ಕ್ಯೂಟಿ ಇಳಿಸಿದ್ದನ್ನು ವರದಿ ಮಾಡಿದೆ. ಇಬ್ಬರೆಂದರೆ ಬಹಳ ಕಡಿಮೆ, ನಿಜ. ಆದರೆ ಪೊರೆಗೆ ಬಾರದ ಜಾತಿಯದು ಅಂತ ಮೊದಲು ಗೊತ್ತಿದ್ದರೆ ಮಾತ್ರ ಅದನ್ನು ಯೋಚಿಸಲಾದರೂ ಸಾಧ್ಯ.

ಇನ್ನೊಂದು ಅಳತೆ ಬಾಕಿಯಿತ್ತು. ಈ ಜೀನ್‌ನ ಪ್ರತಿ ಎಲ್ಲರಲ್ಲೂ ಎರಡು, ರೋಗಿಯಲ್ಲಿ ಸಾಮಾನ್ಯವಾಗಿ ಒಂದು ಕೆಟ್ಟಿದ್ದರೆ ಇನ್ನೊಂದು ಸರಿಯಿರುತ್ತದೆ. ಹರ್ಗ್ ಚಾನೆಲ್ ನಾಲ್ಕು ತುಂಡು ಸೇರಿ ಆಗುವುದು. ಕೆಟ್ಟ ತುಂಡೊಂದು ಸೇರಿದರೂ ಇಡೀ ಚಾನೆಲ್ ಹಾಳಾಗುವುದಾದರೆ, ನಾಲ್ಕೂ ಒಳ್ಳೆಯವಾಗಿರುವುದು 16ರಲ್ಲಿ 1 ಮಾತ್ರ. ಇಲ್ಲಿ ಎರಡನ್ನೂ ಸಮನಾಗಿ ಸೇರಿಸಿದಾಗ ಸುಮಾರು ಅರ್ಧದಷ್ಟು ಕರೆಂಟ್ ಉಳಿಯಿತು. ಕೆಟ್ಟದ್ದು ಒಳ್ಳೆಯದನ್ನು ಎಳೆದು ಹಾಕುತ್ತಿಲ್ಲ. ಇದು ಸಮಾಧಾನದ ಸುದ್ದಿ.

ಹಾಗಾದರೆ ಆ ಫಿಟ್ಸ್ ಪೂರ್ತಿ ಹೃದಯದ್ದೇ ಅಂತ ಹೇಳಿಬಿಡಬಹುದೇ? ಇಲ್ಲ. ಹರ್ಗ್ ಮೆದುಳಿನಲ್ಲೂ ಇದೆ. ಲಾಂಗ್ ಕ್ಯೂಟಿಯ ಈ ಬಗೆ ಇರುವವರಲ್ಲಿ ಫಿಟ್ಸ್ ಇತಿಹಾಸ ಬೇರೆ ಬಗೆ ಇರುವವರಿಗಿಂತ ಹೆಚ್ಚು. ಫಿಟ್ಸ್ ಮಾತ್ರೆ ನಿಲ್ಲಿಸುವುದನ್ನು ನರರೋಗ ತಜ್ಞರೇ ತೀರ್ಮಾನಿಸಬೇಕು.

ಮೆದುಳಿನ ಚಾನೆಲ್‌ಗಳ ವಿಷಯಕ್ಕೆ ಬಂದರೆ ನನ್ನ ಎಚ್‌ಇಕೆ ಕೋಶಗಳ ಮಾತನ್ನು ಅಷ್ಟು ನಂಬುವಂತಿಲ್ಲ. ಎಳೆಯ ಮಕ್ಕಳಲ್ಲೇ ಜೋರು ಫಿಟ್ಸ್ ಶುರುವಾಗುವ ಡ್ರಾವೆ ಸಿಂಡ್ರೋಮ್‌ನಲ್ಲಿ ಎಸ್‌ಸಿಎನ್1ಎ ಸೋಡಿಯಂ ಚಾನೆಲ್ ಅರ್ಧ ಕಡಿಮೆಯಾಗುತ್ತದೆ. ಸೋಡಿಯಂ ಕಡಿಮೆಯಾದರೆ ಮೆದುಳು ತಣ್ಣಗಾಗಬೇಕಿತ್ತು. ಆಗುವುದು ಉಲ್ಟಾ. ಹೆಚ್ಚು ಸೊರಗುವುದು ಬೇರೆ ನರಕೋಶಗಳನ್ನು ಅಂಕೆಯಲ್ಲಿಡುವ ನರಕೋಶಗಳು ಅಂತ 2006ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಅದಕ್ಕೇ ಸೋಡಿಯಂ ಚಾನೆಲ್ ತಡೆಯುವ ಕಾರ್ಬಮಜೆಪಿನ್, ಫೆನಿಟೋಯಿನ್ ಈ ಮಕ್ಕಳಿಗೆ ಫಿಟ್ಸ್ ಹೆಚ್ಚಿಸುತ್ತವೆ. ಎಚ್‌ಇಕೆ ಕೋಶದಲ್ಲಿ ಬರೀ ಕರೆಂಟ್ ಕಡಿಮೆ ಅಂತ ಕಾಣುತ್ತಿತ್ತೇ ಹೊರತು ಈ ಕತೆ ಕಾಣುತ್ತಿರಲಿಲ್ಲ.

ಹುಡುಗಿಯ ವರದಿಗೆ ಬರೋಣ. ನಮ್ಮ ಅಳತೆಯ ಜೊತೆ ಕುಟುಂಬದ ಇಸಿಜಿಗಳೂ ಸೇರಿ, ಬದಲಾವಣೆಯನ್ನು ‘ಕಾಯಿಲೆ ತರುವ ಸಾಧ್ಯತೆ ಇರುವಂಥದ್ದು’ ಅಂತ ಬದಲಿಸಿದರು. ಹೃದಯದ ಮೇಲೆ ಅಡ್ರಿನಲಿನ್‌ನ ಪರಿಣಾಮ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಶುರುವಾಯಿತು. ಎರಿತ್ರೋಮೈಸಿನ್, ಫ್ಲುಕೊನಜೋಲ್, ಡಾಂಪೆರಿಡೋನ್‌ನಂಥ ಕ್ಯೂಟಿ ಉದ್ದ ಮಾಡುವ ಮಾತ್ರೆಗಳ ಪಟ್ಟಿ ಮನೆಗೆ ಹೋಯಿತು. ಡಾಂಪೆರಿಡೋನ್ ಇರುವ ಗ್ಯಾಸ್ಟ್ರಿಕ್ ಮಾತ್ರೆ ನಮ್ಮಲ್ಲಿ ಎಷ್ಟು ಸಲೀಸಾಗಿ ಕೈಗೆ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು.

ಅವಳ ತಮ್ಮನಲ್ಲೂ ಅದೇ ಬದಲಾವಣೆ ಸಿಕ್ಕಿತು. ಅವನಿಗೆ ಒಮ್ಮೆಯೂ ಪ್ರಜ್ಞೆ ತಪ್ಪಿಲ್ಲ, ಇಸಿಜಿ ಗಡಿಯೊಳಗೇ ಇದೆ. ಅವನ ಅಪಾಯ ಎಷ್ಟು ಅಂತ ಡಾಕ್ಟರು ನನ್ನನ್ನು ಕೇಳಿದರು. ತಟ್ಟೆಯಲ್ಲಿ ಅಳೆದ ಕರೆಂಟ್ ಅಕ್ಕನಿಗೂ ತಮ್ಮನಿಗೂ ಒಂದೇ, ಅದರಿಂದ ಅವನ ಪಾಡು ಹೇಳಲು ಬರುವುದಿಲ್ಲ ಅಂತ ಉತ್ತರ ಬರೆದೆ. ಆ ಮಾತ್ರೆಗಳ ಪಟ್ಟಿ ಮಾತ್ರ ಅವನಿಗೂ ಅನ್ವಯಿಸುತ್ತದೆ, ವರ್ಷಕ್ಕೊಮ್ಮೆ ಇಸಿಜಿಯೂ ಇದೆ.