ಹಿಂದಿನ ಬ್ರೇಕಿನಲ್ಲಿ ಅವಿತು ಕೂತ ಗಾಳಿ

ಮುಳ್ಳಯ್ಯನಗಿರಿಯಿಂದ ಸೈಕಲ್‌ನಲ್ಲಿ ಇಳಿಯುತ್ತಿದ್ದೆ. ಸೀತಾಳಯ್ಯನಗಿರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಲಿವರ್ ಬಂದು ಗ್ರಿಪ್‌ಗೇ ತಾಗಿತು. ಎರಡು ಸಲ ಪಟಪಟ ಅಂತ ಒತ್ತಿದೆ, ಗಟ್ಟಿಯಾಯಿತು. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಮುಂದಿನ ಬ್ರೇಕ್ ಸರಿ ಇತ್ತು, ಬಚಾವಾದೆ. ಅಲ್ಲಲ್ಲಿ ನಿಂತು ಡಿಸ್ಕ್ ಆರಲು ಬಿಟ್ಟು, ಕೈಮರ ಚೆಕ್‌ಪೋಸ್ಟ್‌ವರೆಗೆ ಹೇಗೋ ಇಳಿದೆ.

ನನ್ನ ಎಂಟಿಬಿಯಲ್ಲಿ (ಮೌಂಟನ್ ಬೈಕ್) ಇರುವುದು ಶಿಮಾನೊ ಎಂಟಿ200, ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಡಿಸ್ಕ್ ಬ್ರೇಕ್. ದುಬಾರಿ ಬ್ರೇಕ್ ಏನಲ್ಲ. ಆದರೆ ಚೆನ್ನಾಗಿ ನೋಡಿಕೊಂಡರೆ ಕೈ ಕೊಡುವುದಿಲ್ಲ. ನಾನು ನೋಡಿಕೊಂಡಿರಲಿಲ್ಲ, ಅಷ್ಟೇ. ಕೊಂಡ ಮೇಲೆ ಎರಡು ಮಳೆಗಾಲ ಕಳೆದಿತ್ತು, ಆಯಿಲ್ ಒಮ್ಮೆಯೂ ಬದಲಿಸಿರಲಿಲ್ಲ.

ಎಲ್ಲಾ ಬ್ರೇಕ್ ತೊಂದರೆಗೂ ಬ್ಲೀಡಿಂಗೇ (ಗಾಳಿ, ಹಳೆ ಆಯಿಲ್ ಹೊರಹಾಕಿ ಹೊಸದು ತುಂಬುವುದು) ಮದ್ದಲ್ಲ. ಲಿವರ್ ಗಟ್ಟಿಯಾಗಿದ್ದು ಸೈಕಲ್ ನಿಲ್ಲದಿದ್ದರೆ ತಪ್ಪು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ನದು ಅಥವಾ ಆ ಡಿಸ್ಕಿನದೇ, ಅಂದರೆ ರೋಟರ್‌ನದು. ಲಿವರ್ ಸ್ಪಂಜಿನ ಹಾಗೆ ಮೆತ್ತಗಿದ್ದು, ಪಂಪ್ ಮಾಡಿದಾಗ ಮಾತ್ರ ಗಟ್ಟಿಯಾದರೆ ಒಳಗೆ ಗಾಳಿ ಇದೆ ಅಂತ ಅನುಮಾನಿಸಬೇಕು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪ್ಯಾಡ್ ಪೂರ್ತಿ ಸವೆದಿದ್ದರೂ ಲಿವರ್ ಒಳಗೆ ಹೋಗುತ್ತದೆ. ಅದಕ್ಕೇ ಮೊದಲು ಪ್ಯಾಡ್ ಬಿಚ್ಚಿ ನೋಡಿದೆ. 0.5 ಮಿ.ಮೀ. ಉಳಿದರೆ ಎಸೆಯಬೇಕು. ನನ್ನದರಲ್ಲಿ ಇನ್ನೂ ಒಂದೂವರೆ ಮಿ.ಮೀ. ಇತ್ತು.

ಇನ್ನು ಆಯಿಲ್ ವಿಷಯ. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಶಿಮಾನೊಗೆ ಮಿನರಲ್ ಆಯಿಲ್ಲೇ ಆಗಬೇಕು. ನಮ್ಮೂರಿನ ಯಾವ ಆಟೋಮೊಬೈಲ್ ಅಂಗಡಿಗೆ ಹೋದರೂ ಸಿಗುವುದು ಕಾರು, ಬೈಕಿಗೆ ಹಾಕುವ ಡಾಟ್ 3 ಅಥವಾ ಡಾಟ್ 4. "ಬ್ರೇಕ್ ಆಯಿಲ್ ಅಂದ್ರೆ ಎಲ್ಲಾ ಒಂದೇ ಸಾರ್" ಅಂತ ಅಂಗಡಿಯವರು ಧೈರ್ಯ ತುಂಬುತ್ತಾರೆ. ಒಂದೇ ಅಲ್ಲ. ಡಾಟ್ ಹಾಕಿದರೆ ಶಿಮಾನೊ ಸೀಲ್‌ಗಳು ಊದಿಕೊಂಡು ಕೆಡುತ್ತವೆ, ಆಮೇಲೆ ಇಡೀ ಬ್ರೇಕೇ ಬದಲಿಸಬೇಕು. ಡಾಟ್ ಬೇಕಿರುವ ಬ್ರೇಕ್‌ಗೆ ಮಿನರಲ್ ಆಯಿಲ್ ಹಾಕಿದರೂ ಅದೇ ಗತಿ. ಸ್ರಾಮ್ ಕಂಪನಿಯ ಹೆಚ್ಚಿನ ಬ್ರೇಕ್‌ಗಳಿಗೆ ಡಾಟ್ 5.1 ಬೇಕು, ಆದರೆ ಅದರ ಡಿಬಿ8, ಮೇವನ್ ಮಾಡೆಲ್‌ಗಳಿಗೆ ಮಿನರಲ್. ಲಿವರ್ ಮೇಲೆ ಏನು ಬರೆದಿದೆ ಅಂತ ಓದಿ ಹಾಕಿ. ಬೇಬಿ ಆಯಿಲ್, ಹೊಲಿಗೆ ಯಂತ್ರದ ಎಣ್ಣೆ ಹಾಕಿದವರೂ ಇದ್ದಾರೆ. ನಾನು ಬೆಟ್ಟ ಇಳಿಯುವವನು, ಆ ಪ್ರಯೋಗ ನನಗೆ ಬೇಡ.

ಶನಿವಾರ ಬೆಳಿಗ್ಗೆ ಕೂತೆ. ಚಕ್ರ ತೆಗೆದು ದೂರ ಇಟ್ಟೆ, ರೋಟರ್‌ಗೆ ಆಯಿಲ್ ಹನಿಯಬಾರದು. ಪ್ಯಾಡ್ ತೆಗೆದು, ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಪ್ಯಾಡ್ ತಳ್ಳುವ ಪಿಸ್ಟನ್‌ಗಳನ್ನು ಒಳಗೆ ತಳ್ಳಿ, ನಡುವೆ ಹಳದಿ ಬ್ಲೀಡ್ ಬ್ಲಾಕ್ (ಪ್ಲಾಸ್ಟಿಕ್ ತುಂಡು) ಕೂರಿಸಿದೆ. ಬ್ಲಾಕ್ ಇಲ್ಲದೆ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ, ಅದು ಬೇರೆಯೇ ತಲೆನೋವು. ಲಿವರ್ ಕ್ಲ್ಯಾಂಪ್ ಸಡಿಲಿಸಿ ನೆಲಕ್ಕೆ ಸಮನಾಗಿ ತಿರುಗಿಸಿ, ಮೇಲಿನ ಸಣ್ಣ ಸ್ಕ್ರೂ ತೆಗೆದು ಫನಲ್ ಹಾಕಿದೆ. ಆ ಸ್ಕ್ರೂವಿನ ಓ-ರಿಂಗ್ ಜೋಪಾನ, ಕೆಳಗೆ ಬಿದ್ದರೆ ಹುಡುಕುತ್ತಾ ಕೂರಬೇಕು. ಕೆಳಗೆ, ಪಿಸ್ಟನ್‌ಗಳಿರುವ ಕ್ಯಾಲಿಪರ್‌ನ ನಿಪ್ಪಲ್‌ಗೆ (ಆಯಿಲ್ ಹೋಗುವ ಸಣ್ಣ ಮೂತಿ) ಆಯಿಲ್ ತುಂಬಿದ ಸಿರಿಂಜ್. ನಿಪ್ಪಲ್ ಎಂಟನೇ ಒಂದು ಸುತ್ತು ಸಡಿಲಿಸಿ ನಿಧಾನವಾಗಿ ಒತ್ತಿದೆ. ಹೊಸ ಆಯಿಲ್ ತಿಳಿ ಕೆಂಪು. ಮೇಲೆ ಫನಲ್‌ಗೆ ಬಂದದ್ದು ಚರಂಡಿ ನೀರಿನ ಬಣ್ಣ!

ಗುಳ್ಳೆ ನಿಂತಿತು, ಎಲ್ಲಾ ಮುಚ್ಚಿದೆ, ಲಿವರ್ ಒತ್ತಿದೆ. ಮೆತ್ತಗೆ. ಮತ್ತೆ ಮಾಡಿದೆ. ಮತ್ತೆ ಮೆತ್ತಗೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಬಾಟಲಿ ಖಾಲಿ, ಮನೆಯಲ್ಲಿ ಊಟಕ್ಕೆ ಕರೆದವರ ಮೇಲೆ ರೇಗಾಡಿದ್ದೂ ಆಯಿತು.

ಊಟ ಮಾಡಿ ಬಂದು ಸುಮ್ನೆ ಸೈಕಲ್ ನೋಡುತ್ತಾ ಕೂತಾಗ ಹೊಳೆಯಿತು. ಆಯಿಲ್ ಸಾಗುವ ಹಿಂದಿನ ಹೋಸ್ ಫ್ರೇಮ್ ಉದ್ದಕ್ಕೂ ಹೋಗಿ, ಕ್ಯಾಲಿಪರ್ ಹತ್ತಿರ ಒಂದು ಗೂನು ಹಾಕಿಕೊಂಡು ಇಳಿದಿತ್ತು. ಗಾಳಿ ಯಾವಾಗಲೂ ಮೇಲಕ್ಕೇ ಏರುತ್ತದೆ. ಗೂನಿನ ನೆತ್ತಿ ಸಿಕ್ಕರೆ ಅಲ್ಲೇ ತಂಗುತ್ತದೆ. ನಾನು ಒತ್ತಿದಾಗ ಚೂರು ಮುಂದೆ ಹೋಗಿ, ಬಿಟ್ಟಾಗ ಹಿಂದೆ ಬಂದು ಆಟ ಆಡುತ್ತಿತ್ತು. ಮುಂದಿನ ಬ್ರೇಕ್‌ನಲ್ಲಿ ಹೋಸ್ ನೇರವಾಗಿ ಕೆಳಗೆ ಇಳಿಯುತ್ತದೆ, ಅದಕ್ಕೇ ಅದು ಸುಲಭ.

ಕ್ಯಾಲಿಪರ್‌ನ ಎರಡು ಬೋಲ್ಟ್ ಬಿಚ್ಚಿದೆ. ಹೋಸ್ ಹಿಡಿದಿದ್ದ ಕ್ಲಿಪ್‌ಗಳನ್ನೂ ತೆಗೆದೆ. ಮುಂದಿನ ಚಕ್ರ ಕಿಟಕಿ ಸರಳಿಗೆ ಕಟ್ಟಿ ಸೈಕಲ್ಲನ್ನು ಎತ್ತಿ ನಿಲ್ಲಿಸಿದೆ, ಲಿವರನ್ನು ಮತ್ತೆ ಸಮ ಮಾಡಿದೆ. ಈಗ ಕ್ಯಾಲಿಪರ್ ತೂಗಾಡುತ್ತಾ ಎಲ್ಲದಕ್ಕಿಂತ ಕೆಳಗೆ, ಅಲ್ಲಿಂದ ಲಿವರ್‌ವರೆಗೆ ದಾರಿ ಪೂರ್ತಿ ಏರು. ಸ್ಕ್ರೂಡ್ರೈವರ್ ಹಿಡಿಯಿಂದ ಕ್ಯಾಲಿಪರ್‌ಗೆ, ಹೋಸ್‌ಗೆ ಮೆಲ್ಲಗೆ ತಟ್ಟುತ್ತಾ ಸಿರಿಂಜ್ ಒತ್ತಿದೆ. ಕಡಲೆ ಗಾತ್ರದ ಒಂದು ಗುಳ್ಳೆ ಫನಲ್‌ನಲ್ಲಿ ಬುಳಕ್ ಅಂತ ಎದ್ದಿತು. ಬೆಳಿಗ್ಗೆಯಿಂದ ಕಾಡಿದ ಆಸಾಮಿ ಅದೇ.

ನಿಪ್ಪಲ್ ಮುಚ್ಚಿದ ಮೇಲೂ ಫನಲ್ ಇರಿಸಿಕೊಂಡೇ ಲಿವರ್ ಟಪಟಪ ಮಿಡಿದೆ. ಲಿವರನ್ನು ಆಕಡೆ ಈಕಡೆ ಸ್ವಲ್ಪ ವಾಲಿಸಿದರೆ ಅದರೊಳಗಿನ ಮಾಸ್ಟರ್ ಸಿಲಿಂಡರ್ ಮೂಲೆಯಲ್ಲಿ ಉಳಿದ ಸಾಸಿವೆ ಗುಳ್ಳೆಗಳೂ ಬರುತ್ತವೆ. ಜಾಸ್ತಿ ಜನ ಇದನ್ನೇ ಬಿಡುತ್ತಾರೆ.

ಒಂದು ತಪ್ಪು ಆಮೇಲೂ ಮಾಡಿದೆ. ಆಯಿಲ್ ಕೈಯಲ್ಲೇ ಪ್ಯಾಡ್ ಮುಟ್ಟಿದೆ. ಮರುದಿನ ಬ್ರೇಕ್ ಹಿಡಿದರೆ ಬೀದಿ ನಾಯಿಗಳೆಲ್ಲ ತಿರುಗಿ ನೋಡುವಂಥ ಕೂಗು. ಮರಳುಕಾಗದದಲ್ಲಿ ಉಜ್ಜಿದೆ, ಗ್ಯಾಸ್ ಒಲೆಯ ಮೇಲೆ ಕಾಯಿಸಿದೆ, ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಕೊನೆಗೆ ಹೊಸ ರೆಸಿನ್ ಪ್ಯಾಡ್ ತಂದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಬ್ರೇಕ್ ಹಾಕಿ ಪ್ಯಾಡ್ ಪಳಗಿಸಿದೆ.

ಈಗ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಆಯಿಲ್ ಬದಲಿಸುತ್ತೇನೆ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ ನಿಜ. ಆದರೆ ಒಳಗೆ ಸೇರಿದ ನೀರು ಅದರಲ್ಲಿ ಬೆರೆಯದೆ ಕೆಳಗೆ ಕ್ಯಾಲಿಪರ್‌ನಲ್ಲೇ ಕೂರುತ್ತದೆ, ಬಿಸಿಯಾಗುವ ಜಾಗವೂ ಅದೇ. ಹೋದ ತಿಂಗಳು ಮುಂದಿನ ಬ್ರೇಕ್ ಮುಗಿಸಲು ಮುಕ್ಕಾಲು ಗಂಟೆ ಸಾಕಾಯಿತು. ಹಿಂದಿನದಕ್ಕೆ ಮಾತ್ರ ಈಗಲೂ ಕಿಟಕಿ ಸರಳು ಬೇಕು.